ಎರಡನೇ ವರ್ಷ, ಖಾಲಿ ಸಿವಿ: ಎಲ್ಲಿಂದ ಶುರು ಮಾಡಲಿ? ನಿಮ್ಮ ಅನುಭವ ಹೇಳಿ

ಕೇಳಿದವರು: ಪದವಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಜೀವವಿಜ್ಞಾನ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಮಾರ್ಕ್ಸ್ ಸುಮಾರಾಗಿವೆ. ಕ್ಲಾಸಿನಲ್ಲಿ ಕೆಲವರು ಆಗಲೇ ಇಂಟರ್ನ್‌ಶಿಪ್ ಮುಗಿಸಿದ್ದಾರೆ, ಒಬ್ಬಳು ಲ್ಯಾಬ್ ಸೇರಿದ್ದಾಳೆ, ನನ್ನ ಸಿವಿಯಲ್ಲಿ ಓದಿನ ಎರಡು ಸಾಲು ಬಿಟ್ಟರೆ ಬೇರೇನೂ ಇಲ್ಲ. ಮುಂದೆ ಹೊರದೇಶದಲ್ಲಿ ಮಾಸ್ಟರ್ಸ್ ಮಾಡುವ ಆಸೆ ಇದೆ, ಅದೂ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ. ಸಂಬಳವಿಲ್ಲದೆ ತಿಂಗಳುಗಟ್ಟಲೆ ಕೆಲಸ ಮಾಡುವಷ್ಟು ಅನುಕೂಲ ಮನೆಯಲ್ಲಿಲ್ಲ. ವಾಲಂಟಿಯರ್ ಕೆಲಸ, ಸಂಶೋಧನೆ, ಸ್ಕಾಲರ್‌ಶಿಪ್, ಪಾರ್ಟ್‌ಟೈಮ್ ಕೆಲಸ, ಇವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು? ಅವಕಾಶಗಳ ಪಟ್ಟಿ ನೋಡಿ ನೋಡಿ ಸುಸ್ತಾಗಿದೆ. ನೀವು ನಿಜವಾಗಿ ಏನು ಮಾಡಿದಿರಿ ಅಂತ ಹೇಳಿದರೆ ತುಂಬಾ ಸಹಾಯ ಆಗುತ್ತದೆ.

ಪಿಎಚ್‌ಡಿ ಮಾಡುತ್ತಿರುವ ಅಕ್ಕ

ತಂಗಿ, ಪಟ್ಟಿ ನೋಡುವುದನ್ನು ಒಂದು ವಾರ ನಿಲ್ಲಿಸು. ಎರಡನೇ ವರ್ಷದಲ್ಲಿ ನಾನು ಒಂದು ಇಡೀ ರಜೆಯನ್ನು ಪಟ್ಟಿ ಮಾಡುವುದರಲ್ಲೇ ಕಳೆದೆ. ಆಮೇಲೆ ಒಂದೇ ಇಮೇಲನ್ನು ಹೆಸರು ಬದಲಾಯಿಸಿ 40 ಪ್ರೊಫೆಸರ್‌ಗಳಿಗೆ ಕಳಿಸಿದೆ. ಒಬ್ಬರೂ ಉತ್ತರಿಸಲಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ ಆರೇ ಜನರನ್ನು ಆರಿಸಿಕೊಂಡೆ. ಒಬ್ಬೊಬ್ಬರದೂ ಒಂದೊಂದು ಸಂಶೋಧನಾ ಪೇಪರ್ ಹಿಡಿದು ಕೂತು ಓದಿದೆ. ಪೂರ್ತಿ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇಲ್ಲ. "ಈ ಎರಡನೇ ಗುಂಪಿನಲ್ಲಿ ಮಾದರಿಗಳು ಇಷ್ಟು ಕಡಿಮೆ ಯಾಕಿವೆ?" ಅನ್ನುವಂಥ ಒಂದು ಪ್ರಶ್ನೆ, ಉತ್ತರ ನನಗೆ ನಿಜಕ್ಕೂ ಬೇಕು ಅನಿಸುವ ಪ್ರಶ್ನೆ ಹುಟ್ಟುವ ತನಕ ಓದಿದೆ. ಇಮೇಲ್‌ನಲ್ಲಿ ಮೊದಲು ಆ ಪ್ರಶ್ನೆ ಬರೆದೆ. ಆಮೇಲೆ ನಾನು ಯಾರು, ವಾರಕ್ಕೆ ಎಷ್ಟು ಗಂಟೆ ಬರಬಲ್ಲೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲೆ, ಅಷ್ಟೇ. ಇಬ್ಬರು ಉತ್ತರಿಸಿದರು. ಒಬ್ಬರು ಜಾಗವಿಲ್ಲ ಅಂದರು, ಇನ್ನೊಬ್ಬರು ಬಾ ಅಂದರು.

ಮೊದಲ ಮೂರು ತಿಂಗಳು ಟ್ಯೂಬ್‌ಗಳಿಗೆ ಲೇಬಲ್ ಅಂಟಿಸುವುದು, ಫ್ರೀಜರ್‌ನಲ್ಲಿ ಏನೇನಿದೆ ಅಂತ ಬರೆಯುವುದು, ಹಳೆಯ ನೋಟ್‌ಬುಕ್‌ಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕುವುದು. ಹೀಗೆ ಟೈಪ್ ಮಾಡುತ್ತಿದ್ದಾಗ ಎರಡು ಬ್ಯಾಚ್‌ಗಳ ದಿನಾಂಕ ಅದಲುಬದಲಾಗಿದ್ದು ಕಣ್ಣಿಗೆ ಬಿತ್ತು. ಹೆದರುತ್ತಲೇ ಹೋಗಿ ಮೇಡಂಗೆ ತೋರಿಸಿದೆ. ಅವತ್ತಿನಿಂದ ನನಗೆ ಲೆಕ್ಕಾಚಾರದ ಕೆಲಸ ಕೊಡತೊಡಗಿದರು. ಎರಡು ವರ್ಷದ ನಂತರ ಎರಾಸ್ಮಸ್ ಮುಂಡುಸ್ ಅನ್ನುವ ಯುರೋಪಿನ ಮಾಸ್ಟರ್ಸ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದಾಗ ಅವರು ರೆಫರೆನ್ಸ್ ಲೆಟರ್‌ನಲ್ಲಿ ಬರೆದದ್ದು ಆ ದಿನಾಂಕದ ಸಂಗತಿಯನ್ನೇ. ಮಾರ್ಕ್ಸ್ ಬಗ್ಗೆ ಒಂದೇ ಸಾಲು ಇತ್ತಂತೆ.

ಹಾಗಾಗಿ ಯಾವುದು ಮೊದಲು ಅಂತ ಕೇಳಿದರೆ ನಾನು ಹೇಳುವುದು ಇಷ್ಟು: ಒಂದು ಚಿಕ್ಕ ಕೆಲಸ ಹಿಡಿದು ಕೊನೆ ಮುಟ್ಟಿಸು. ನೀನು ಅದನ್ನು ಮಾಡಿದ್ದನ್ನು ಕಣ್ಣಾರೆ ಕಂಡವರು ಒಬ್ಬರು ಇರಲಿ. ಮುಂದಿನ ಬಾಗಿಲುಗಳನ್ನು ಅವರೇ ತೋರಿಸುತ್ತಾರೆ.

ಎರಾಸ್ಮಸ್ ಮುಂಡುಸ್ ಬಗ್ಗೆ ಈಗಲೇ ತಿಳಿದಿರಲಿ. 2004ರಲ್ಲಿ ಶುರುವಾದದ್ದು, ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಒಂದೇ ಮಾಸ್ಟರ್ಸ್‌ನಲ್ಲಿ ಕನಿಷ್ಠ ಎರಡು ದೇಶಗಳಲ್ಲಿ ಓದುತ್ತೀಯ. ಸ್ಕಾಲರ್‌ಶಿಪ್ ತಿಂಗಳಿಗೆ 1,400 ಯೂರೊ. ಪದವಿಯ ಕೊನೆಯ ವರ್ಷದಲ್ಲಿ ಇರುವಾಗಲೇ ಅರ್ಜಿ ಹಾಕಬಹುದು. ಪ್ರತಿ ಕೋರ್ಸ್‌ಗೂ ಬೇರೆ ಬೇರೆ ಕೊನೆಯ ದಿನಾಂಕ, ಹೆಚ್ಚಿನವು ಅಕ್ಟೋಬರ್‌ನಿಂದ ಜನವರಿಯೊಳಗೆ ಬರುತ್ತವೆ. ಅಂದರೆ ನಿನಗೆ ಇನ್ನೂ ಒಂದು ವರ್ಷದ ಮೇಲೆ ಸಮಯ ಇದೆ.

ಮೂರನೇ ವರ್ಷದ ವಿದ್ಯಾರ್ಥಿ, ಕೀಟಗಳ ಹುಚ್ಚು

ನೀವು ಜೀವವಿಜ್ಞಾನ ಅಂದ ಕೂಡಲೇ ಬರೆಯಬೇಕು ಅನಿಸಿತು. ಲ್ಯಾಬ್ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ.

ಐನ್ಯಾಚುರಲಿಸ್ಟ್ ನೋಡಿದ್ದೀರಾ? 2008ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ತಮ್ಮ ಮಾಸ್ಟರ್ಸ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ದು. ಗಿಡ, ಹುಳ, ಹಕ್ಕಿ, ಯಾವುದರದ್ದಾದರೂ ಫೋಟೊ ತೆಗೆದು ಜಾಗ ಮತ್ತು ದಿನಾಂಕದ ಜೊತೆ ಹಾಕಿದರೆ ಬೇರೆಯವರು ಅದು ಯಾವ ಪ್ರಭೇದ ಅಂತ ಗುರುತಿಸುತ್ತಾರೆ. ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಜಾಸ್ತಿ ಜನ ಒಪ್ಪಿದರೆ ಆ ದಾಖಲೆಗೆ ಸಂಶೋಧನಾ ದರ್ಜೆ ಸಿಗುತ್ತದೆ. ಲೈಸೆನ್ಸ್ ಸರಿಯಿದ್ದರೆ ಅಲ್ಲಿಂದ ಅದು ಜಿಬಿಐಎಫ್‌ಗೆ ಹೋಗುತ್ತದೆ. ಯಾವ ಜೀವಿ ಎಲ್ಲಿ, ಯಾವಾಗ ಕಂಡಿತು ಅನ್ನುವ ಜಗತ್ತಿನ ದಾಖಲೆಗಳನ್ನು ಒಂದೆಡೆ ಸೇರಿಸಿ ಎಲ್ಲರಿಗೂ ತೆರೆದಿಡುವ ಜಾಲ ಅದು. ಅಲ್ಲಿಂದ ದತ್ತಾಂಶವನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಪ್ರತಿ ಡೌನ್‌ಲೋಡ್‌ಗೂ ಒಂದು ಡಿಒಐ, ಅಂದರೆ ಬದಲಾಗದ ಗುರುತಿನ ಸಂಖ್ಯೆ, ಸಿಗುವುದರಿಂದ ವರದಿಯಲ್ಲಿ ಅದನ್ನು ಸರಿಯಾಗಿ ಉಲ್ಲೇಖಿಸಬಹುದು.

ನಾನು ಮಾಡಿದ್ದು ಹೀಗೆ. ಎಲ್ಲವನ್ನೂ ಗುರುತಿಸಲು ಹೋಗದೆ ಹೂನೊಣಗಳನ್ನು ಮಾತ್ರ ಹಿಡಿದೆ. ದಿನಕ್ಕೆ ಅರ್ಧ ಗಂಟೆ ಬೇರೆಯವರ ಫೋಟೊ ನೋಡುವುದು, ಗುರುತಿಸುವುದು. ಶುರುವಿನಲ್ಲಿ ತುಂಬಾ ತಪ್ಪಿದೆ. ಒಂದು ಮ್ಯೂಸಿಯಂನಲ್ಲಿ ಕೆಲಸ ಮಾಡುವವರು ತಾಳ್ಮೆಯಿಂದ ತಿದ್ದುತ್ತಾ ಬಂದರು, ರೆಕ್ಕೆಯ ನರಗಳನ್ನು ಹೇಗೆ ನೋಡಬೇಕು ಅಂತ ಗೆರೆ ಎಳೆದು ಕಳಿಸಿದರು. ಎಂಟು ತಿಂಗಳಾದ ಮೇಲೆ ಅವರೇ ಒಂದು ಪ್ರಭೇದದ ದಾಖಲೆಗಳನ್ನು ತಿಂಗಳವಾರು ವಿಂಗಡಿಸಿ ನಕ್ಷೆ ಮಾಡಿ ಕೊಡುತ್ತೀಯಾ ಅಂತ ಕೇಳಿದರು. ನನ್ನ ಮೊದಲ ಸಂಶೋಧನಾ ಕೆಲಸ ಬಂದದ್ದು ಹಾಗೆ, ಅವರನ್ನು ನಾನು ಇನ್ನೂ ಮುಖತಃ ಭೇಟಿಯಾಗಿಲ್ಲ.

ಝೂನಿವರ್ಸ್ ಕೂಡ ಒಳ್ಳೆಯದು. ವಿಜ್ಞಾನಿಗಳ ಬಳಿ ಇರುವ ಚಿತ್ರಗಳನ್ನು ಸಾಮಾನ್ಯ ಜನ ನೋಡಿ ವಿಂಗಡಿಸಿಕೊಡುವ ವೆಬ್‌ಸೈಟ್ ಅದು. ಗ್ಯಾಲಕ್ಸಿಗಳ ಚಿತ್ರ ವಿಂಗಡಿಸುವ 2007ರ ಗ್ಯಾಲಕ್ಸಿ ಝೂ ಯೋಜನೆಯಿಂದ ಬೆಳೆದದ್ದು. ಅದರಲ್ಲಿ ಹ್ಯಾನಿ ವಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿ ಒಂದು ಚಿತ್ರದಲ್ಲಿ ನೀಲಿ ಮಚ್ಚೆ ನೋಡಿ ಇದೇನು ಅಂತ ಕೇಳಿದರು. ಅದು ಖಗೋಳ ವಿಜ್ಞಾನಿಗಳಿಗೂ ಹೊಸದಾಗಿತ್ತು, ಇವತ್ತಿಗೂ ಅದಕ್ಕೆ ಅವರದೇ ಹೆಸರು. ನಿಮ್ಮ ವಿಷಯಕ್ಕೆ ಹತ್ತಿರದ್ದು ಬೇಕಾದರೆ ಕಾಡಿನ ಕ್ಯಾಮೆರಾಗಳಲ್ಲಿ ಸಿಕ್ಕ ಪ್ರಾಣಿಗಳನ್ನು ಗುರುತಿಸುವ ಯೋಜನೆಗಳಿವೆ. ಸುಮ್ನೆ ಒತ್ತುತ್ತಾ ಹೋಗಬೇಡಿ, ಆ ನೀಲಿ ಮಚ್ಚೆಯ ಹಾಗೆ ವಿಚಿತ್ರವಾಗಿ ಕಂಡದ್ದನ್ನು ಅಲ್ಲಿನ ಚರ್ಚೆಯಲ್ಲಿ ಕೇಳಿ.

ಕೋಡಿಂಗ್ ಕಡೆಯಿಂದ ಬಂದವನು

ಸ್ವಲ್ಪ ಪ್ರೋಗ್ರಾಮಿಂಗ್ ಬರುತ್ತಾ? ಬಂದರೆ ಸಂಬಳ ಸಿಗುವ ದಾರಿ ಬೇಗ ತೆರೆಯುತ್ತದೆ. ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ಗೆ ಕೆಲಸ ಮಾಡಿದರೆ ಗೂಗಲ್ ಭತ್ಯೆ ಕೊಡುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು, 2022ರಿಂದ ಓಪನ್ ಸೋರ್ಸ್‌ಗೆ ಹೊಸಬರಾದ 18 ದಾಟಿದ ಯಾರಾದರೂ ಸೇರಬಹುದು. ಪ್ರಾಜೆಕ್ಟ್‌ಗಳು ಸುಮಾರು 90, 175 ಅಥವಾ 350 ಗಂಟೆಯವು. ಜೀವವಿಜ್ಞಾನದ ಸಾಫ್ಟ್‌ವೇರ್ ಮಾಡುವ ಓಪನ್ ಬಯೋಇನ್ಫರ್ಮ್ಯಾಟಿಕ್ಸ್ ಫೌಂಡೇಶನ್‌ನಂಥವರೂ ಅದರಲ್ಲಿ ಭಾಗವಹಿಸಿದ್ದಾರೆ. ಔಟ್‌ರೀಚಿ ಅಂತ ಇನ್ನೊಂದು ಇಂಟರ್ನ್‌ಶಿಪ್ ಇದೆ. ತಮ್ಮ ಕ್ಷೇತ್ರದಲ್ಲಿ ತಾರತಮ್ಯ ಅಥವಾ ಕಡಿಮೆ ಪ್ರಾತಿನಿಧ್ಯ ಎದುರಿಸುವವರಿಗಾಗಿ ಇರುವಂಥದ್ದು, ಮನೆಯಿಂದಲೇ ಮೂರು ತಿಂಗಳು, 7,000 ಅಮೆರಿಕನ್ ಡಾಲರ್. ಅಲ್ಲಿ ಕೋಡಿಂಗ್ ಇಲ್ಲದ ಕೆಲಸಗಳೂ ಇರುತ್ತವೆ.

ಎರಡರಲ್ಲೂ ಗುಟ್ಟು ಒಂದೇ. ಅರ್ಜಿ ಹಾಕುವ ಹೊತ್ತಿಗೆ ಅವರ ಪ್ರಾಜೆಕ್ಟ್‌ನಲ್ಲಿ ನೀವು ಒಂದು ಚಿಕ್ಕ ದೋಷ ಸರಿಪಡಿಸಿರಬೇಕು. ನನ್ನದು ಸೂಚನಾ ಪುಟದಲ್ಲಿ ತಪ್ಪಾಗಿದ್ದ ಒಂದು ಕಮಾಂಡ್ ತಿದ್ದಿದ್ದು, ಅಷ್ಟೇ.

ಓದುತ್ತಾ ಕೆಲಸ ಮಾಡಿದವಳು

ದುಡ್ಡಿನ ಬಗ್ಗೆ ನೀವು ಬಿಚ್ಚಿ ಬರೆದದ್ದು ಒಳ್ಳೆಯದಾಯಿತು. ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ.

ನಾನು ಎರಡನೇ ವರ್ಷದಲ್ಲಿ ಒಂದು ಕಡೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಸೇರಿದೆ. ಎರಡು ತಿಂಗಳು ಅಂದದ್ದು ಆರು ತಿಂಗಳಾಯಿತು. ಕಲಿಸುತ್ತೇವೆ ಅಂದವರು ಕಲಿಸಲಿಲ್ಲ, ಕೊನೆಗೆ ಸರ್ಟಿಫಿಕೇಟ್ ಕೊಡಲು ಶುಲ್ಕ ಕೇಳಿದರು. ಆ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಉಳಿದುಕೊಂಡವು. ಇವತ್ತಿಗೂ ನೆನೆದರೆ ನೋವಾಗುತ್ತದೆ. ಆದ್ದರಿಂದ ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ: ಯಾವ ದಿನ ಮುಗಿಯುತ್ತದೆ, ವಾರಕ್ಕೆ ಎಷ್ಟು ಗಂಟೆ, ನನ್ನ ಕೆಲಸ ನೋಡಿಕೊಳ್ಳುವವರು ಯಾರು, ಕೊನೆಯಲ್ಲಿ ನನ್ನ ಕೈಯಲ್ಲಿ ಏನಿರುತ್ತದೆ. ಉತ್ತರ ಕೊಡಲು ಹಿಂಜರಿದರೆ ಬಿಟ್ಟುಬಿಡಿ. ಇಂಟರ್ನ್‌ಶಿಪ್‌ಗಾಗಲಿ ಸ್ಕಾಲರ್‌ಶಿಪ್‌ಗಾಗಲಿ ಆಯ್ಕೆಯಾಗಿದ್ದೀರಿ, ಸೀಟು ಉಳಿಸಿಕೊಳ್ಳಲು ಇವತ್ತೇ ದುಡ್ಡು ಕಟ್ಟಿ ಅಂದರೆ ಅದು ಮೋಸ ಅಂತಲೇ ತಿಳಿಯಿರಿ.

ಆಮೇಲೆ ನನ್ನ ಕೈ ಹಿಡಿದದ್ದು ವಿಶ್ವವಿದ್ಯಾಲಯದೊಳಗಿನ ಕೆಲಸಗಳು. ಲೈಬ್ರರಿ ಕೌಂಟರ್, ಕಿರಿಯರಿಗೆ ಪಾಠ, ವಿಭಾಗದ ವೆಬ್‌ಸೈಟ್ ನೋಡಿಕೊಳ್ಳುವುದು. ಪರೀಕ್ಷೆ ಬಂದರೆ ರಜೆ ಕೇಳಬಹುದು, ಓಡಾಟವಿಲ್ಲ. ಇಂಥವು ಎಷ್ಟೋ ಸಲ ನೋಟಿಸ್ ಬೋರ್ಡ್‌ಗೆ ಬರುವುದೇ ಇಲ್ಲ. ವಿಭಾಗದ ಕಚೇರಿಗೆ ಹೋಗಿ ನೇರವಾಗಿ ಕೇಳಿ.

ಹೊರದೇಶಕ್ಕೆ ಹೋದ ಮೇಲೆ ದುಡಿದು ಖರ್ಚು ತೂಗಿಸುತ್ತೇನೆ ಅನ್ನುವ ಲೆಕ್ಕವಿದ್ದರೆ ಮೊದಲು ವೀಸಾ ನಿಯಮ ನೋಡಿ. ಪಾಠ ನಡೆಯುವ ದಿನಗಳಲ್ಲಿ ಬ್ರಿಟನ್‌ನಲ್ಲಿ ಪದವಿ ಮಟ್ಟದ ಕೋರ್ಸ್‌ಗಳವರಿಗೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48, ಕೆನಡಾದಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಈ ಗಂಟೆಗಳ ಸಂಬಳದಲ್ಲಿ ಫೀಸು ಕಟ್ಟಲು ಆಗುವುದಿಲ್ಲ. ಊಟ, ಬಾಡಿಗೆಗೆ ಒಂದಿಷ್ಟು ಆಸರೆ ಆಗಬಹುದು.

ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಸಂಶೋಧಕ

ಇಮೇಲ್ ಪಡೆಯುವ ಕಡೆ ಕೂತಿರುವವನಾಗಿ ಕೆಲವು ಮಾತು. ಮೊದಲ ಉತ್ತರದಲ್ಲಿ ಹೇಳಿದ ಇಮೇಲ್ ನನಗೆ ಬಂದಿದ್ದರೆ ನಾನೂ ಉತ್ತರಿಸುತ್ತಿದ್ದೆ. ಆದರೆ ಆ ಮೂರು ತಿಂಗಳ ಪುಕ್ಕಟೆ ಕೆಲಸದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಎಲ್ಲರಿಗೂ ಅದು ಆಗುವುದಿಲ್ಲ, ಆಗಬೇಕು ಅಂತ ಕೇಳುವುದೂ ಸರಿಯಲ್ಲ. "ವಾರಕ್ಕೆ ಆರು ಗಂಟೆ ಬರಬಲ್ಲೆ, ಗಂಟೆ ಲೆಕ್ಕದಲ್ಲಿ ಸಂಬಳ ಕೊಡುವ ಅವಕಾಶ ಇದೆಯೇ?" ಅಂತ ಬರೆಯಿರಿ. ಇದರಿಂದ ಯಾವ ಒಳ್ಳೆಯ ಗೈಡ್‌ಗೂ ಬೇಸರವಾಗುವುದಿಲ್ಲ. ನಮ್ಮಲ್ಲಿ ಒಮ್ಮೊಮ್ಮೆ ಪ್ರಾಜೆಕ್ಟ್‌ನ ದುಡ್ಡು ಉಳಿದಿರುತ್ತದೆ, ಯಾರೂ ಕೇಳದೆ ಹಾಗೇ ವಾಪಸ್ ಹೋಗುತ್ತದೆ.

ಖರ್ಚು ಕೊಟ್ಟು ಕರೆಸಿಕೊಳ್ಳುವ ಕಡೆಗಳೂ ಇವೆ. ಜಪಾನಿನ ಓಕಿನಾವಾದಲ್ಲಿರುವ ಒಐಎಸ್‌ಟಿ ಸಂಸ್ಥೆಯ ಸಂಶೋಧನಾ ಇಂಟರ್ನ್‌ಶಿಪ್‌ಗೆ ಯಾವ ದೇಶದ ವಿದ್ಯಾರ್ಥಿಯಾದರೂ ಅರ್ಜಿ ಹಾಕಬಹುದು. ಪ್ರಯಾಣ, ವಸತಿಯ ಜೊತೆಗೆ ಭತ್ಯೆಯೂ ಇದೆ. ಭೌತಶಾಸ್ತ್ರ, ಕಂಪ್ಯೂಟರ್, ಎಂಜಿನಿಯರಿಂಗ್ ಓದುವ ಗೆಳೆಯರಿದ್ದರೆ ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಬೇಸಿಗೆ ವಿದ್ಯಾರ್ಥಿ ಕಾರ್ಯಕ್ರಮದ ಬಗ್ಗೆ ಹೇಳಿ. ಬ್ರಿಟನ್ ಸರ್ಕಾರದ ಮಾಸ್ಟರ್ಸ್ ಸ್ಕಾಲರ್‌ಶಿಪ್ ಚೆವನಿಂಗ್ ನಿಮಗೆ ಈಗ ಬೇಡ. ಅದಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು. ಎಷ್ಟೋ ವಿದ್ಯಾರ್ಥಿಗಳು ಈ ಒಂದು ಸಾಲು ಓದದೆ ಪ್ರಬಂಧ ಬರೆಯಲು ಕೂರುತ್ತಾರೆ. ಯಾವ ಸ್ಕಾಲರ್‌ಶಿಪ್ ಆದರೂ ಮೊದಲು ಅರ್ಹತೆಯ ಪುಟ ಓದಿ, ಉಳಿದದ್ದು ಆಮೇಲೆ.

ರೆಫರೆನ್ಸ್ ಲೆಟರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ವಿದ್ಯಾರ್ಥಿಗಳು ಸೋಲುವುದನ್ನು ಇಲ್ಲೇ ಹೆಚ್ಚು ನೋಡಿದ್ದೇನೆ. ಕೊನೆಯ ದಿನಕ್ಕಿಂತ ಆರು ವಾರ ಮೊದಲು ಕೇಳಿ. "ಬರೆದು ಕೊಡುತ್ತೀರಾ" ಅನ್ನುವ ಬದಲು "ವಿವರವಾಗಿ ಬರೆಯುವಷ್ಟು ನನ್ನ ಕೆಲಸ ನಿಮಗೆ ಗೊತ್ತಿದೆಯೇ" ಅಂತ ಕೇಳಿ. ಇಲ್ಲ ಅನ್ನಲು ಅವರಿಗೂ ದಾರಿ ಇರುತ್ತದೆ, ಸಪ್ಪೆ ಪತ್ರದಿಂದ ನೀವೂ ಪಾರಾಗುತ್ತೀರಿ. ಒಪ್ಪಿದರೆ ನಿಮ್ಮ ಸಿವಿ, ಅರ್ಜಿಯ ಕರಡು, ಅವರ ಜೊತೆ ಮಾಡಿದ ಕೆಲಸದ ನಾಲ್ಕು ಸಾಲು, ಕೊನೆಯ ದಿನಾಂಕ ಎಲ್ಲವನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಿ. ಒಂದು ವಾರ ಮೊದಲು ನೆನಪಿಸಿ, ಸಂಕೋಚ ಬೇಡ.

ಇನ್ನೊಂದು, ಲ್ಯಾಬ್ ಸೇರಿದ ಮೊದಲ ತಿಂಗಳಲ್ಲೇ ಪೇಪರ್ ಆದರೆ ನನ್ನ ಹೆಸರು ಬರುತ್ತದೆಯೇ, ಅದಕ್ಕೆ ನಾನು ಏನು ಮಾಡಿರಬೇಕು ಅಂತ ಕೇಳಿಬಿಡಿ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಅನ್ನುವ ಜರ್ನಲ್‌ಗಳ ಹತ್ತಿರವೂ ಹೋಗಬೇಡಿ. ಅಲ್ಲಿ ಬಂದ ಪೇಪರ್ ಸಿವಿಯಲ್ಲಿ ಕಂಡರೆ ನಮಗೆ ಅನುಮಾನವೇ ಹುಟ್ಟುತ್ತದೆ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಅಕ್ಕಾ, ನೀವು ಹೇಳಿದ ಹಾಗೆ ಮೂವರ ಪೇಪರ್ ಓದಿ ಬರೆದೆ. ಒಬ್ಬರು ಉತ್ತರಿಸಿದರು! "ಪ್ರಶ್ನೆ ಚೆನ್ನಾಗಿದೆ, ಈಗ ಜಾಗವಿಲ್ಲ, ಮುಂದಿನ ಸೆಮಿಸ್ಟರ್‌ನಲ್ಲಿ ನೋಡೋಣ" ಅಂದಿದ್ದಾರೆ. ಇದು ನಯವಾಗಿ ಬೇಡ ಅಂದದ್ದಾ? ವಿಭಾಗದ ಕಚೇರಿಯಲ್ಲೂ ಕೇಳಿದೆ, ಪ್ರಯೋಗಾಲಯದ ಸಾಮಾನುಗಳ ದಾಖಲೆ ನೋಡಿಕೊಳ್ಳಲು ವಾರಕ್ಕೆ ಎಂಟು ಗಂಟೆ ಜನ ಬೇಕಂತೆ, ಸಂಬಳ ಇದೆ. ಸೋಮವಾರದಿಂದ ಹೋಗುತ್ತೇನೆ.

ಪಿಎಚ್‌ಡಿ ಮಾಡುತ್ತಿರುವ ಅಕ್ಕ

ಓದಿ ತುಂಬಾ ಖುಷಿಯಾಯಿತು ತಂಗಿ. ಅದು ಬೇಡ ಅಂದದ್ದಲ್ಲ, ಬೇಡದವರು ಪ್ರಶ್ನೆಯ ಬಗ್ಗೆ ಬರೆಯುವುದಿಲ್ಲ. ಇವತ್ತೇ ಎರಡು ಸಾಲಿನ ಧನ್ಯವಾದ ಕಳಿಸು, ಸೆಮಿಸ್ಟರ್ ಶುರುವಾಗುವ ಎರಡು ವಾರ ಮೊದಲು ಮತ್ತೆ ಬರೆಯುತ್ತೇನೆ ಅನ್ನು, ದಿನಾಂಕ ಬರೆದಿಟ್ಟುಕೊ. ಅಷ್ಟರೊಳಗೆ ಅವರು ಕೆಲಸ ಮಾಡುವ ಪ್ರಭೇದದ ದಾಖಲೆಗಳನ್ನು ಜಿಬಿಐಎಫ್‌ನಿಂದ ಇಳಿಸಿ ಒಂದು ನಕ್ಷೆ ಮಾಡು, ಎಲ್ಲಿ ದಾಖಲೆ ಕಡಿಮೆ ಇದೆ ಅಂತ ಕೆಳಗೆ ಅರ್ಧ ಪುಟ ಬರೆ. ಎರಡನೇ ಇಮೇಲ್ ಜೊತೆ ಅದನ್ನು ಸೇರಿಸು. ಸಿದ್ಧವಾದ ಮೇಲೆ ಇಲ್ಲಿ ಹಾಕು, ಕಳಿಸುವ ಮೊದಲು ನಾನೂ ಒಮ್ಮೆ ನೋಡುತ್ತೇನೆ.