ಎಸಿ ಹಾಕಿದ್ರ ಕರ್ರ್ ಸದ್ದು, ಬೆಲ್ಟ್ ಸುಟ್ಟ ವಾಸನಿ – ಕಂಪ್ರೆಸರ್ ಅಷ್ಟ ಬದಲ್ ಮಾಡಿಸಿದ್ರ ಸಾಕೇನ್ರಿ?

ಗದಗದವ:
ನಮಸ್ಕಾರ್ರಿ ಎಲ್ಲಾರ್ಗೂ. ನಂದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ದಿನಾ ಗದಗ-ಹುಬ್ಬಳ್ಳಿ ಓಡಾಟ. ಹೋದ ಬ್ಯಾಸಗಿಗೆ ತಂಪು ಕಮ್ಮಿ ಆತು ಅಂತ ತೋರಿಸಿದ್ರ ಗ್ಯಾಸ್ ತುಂಬಿ ಕೊಟ್ರು, ಈ ಬ್ಯಾಸಗಿ ಮತ್ತ ಅದ ಕತಿ, ಮತ್ತ ತುಂಬಿದ್ರು. ಈಗ ಅಣ್ಣಿಗೇರಿ ದಾಟಿ ಬರಬೇಕಾದ್ರ ಬಾನೆಟ್ ಒಳಗಿಂದ ಕರ್ರ್ ಅಂತ ಸದ್ದು, ಹಿಂದ ಬೆಲ್ಟ್ ಸುಟ್ಟ ವಾಸನಿ. ಎಸಿ ಬಟನ್ ಆಫ್ ಮಾಡಿದ ಕೂಡ್ಲೆ ಸದ್ದು ನಿಂತು. ಗ್ಯಾರೇಜಿನವರು ಕಂಪ್ರೆಸರ್ ಹೋಗೇತಿ, ಅದೊಂದ ಬದಲ್ ಮಾಡಿ ಗ್ಯಾಸ್ ಹಾಕಿದ್ರ ಮುಗೀತು ಅಂತಾರ. ನನ್ ಹತ್ರ ಸ್ಪ್ಯಾನರ್ ಸೆಟ್, ಮಲ್ಟಿಮೀಟರ್ ಐತಿ, ಗ್ಯಾಸ್ ಪ್ರೆಶರ್ ನೋಡೋ ಗೇಜ್ ಇಲ್ಲ. ಹ್ಞೂಂ ಅನ್ನೂಕಿಂತ ಮೊದ್ಲ ನಾನ ಏನರ ನೋಡಬಹುದೇನ್ರಿ?

ಹುಬ್ಬಳ್ಳಿ ಎಸಿ ಕೆಲಸ:
ಕಂಪ್ರೆಸರ್ ಹೋಗಿರಬಹುದ್ರಿ ಅಣ್ಣಾರ, ಆದ್ರ ಯಾಕ ಹೋತು ಅನ್ನೋದು ತಿಳೀದ ಹೊಸಾದು ಹಾಕಿಸಬ್ಯಾಡ್ರಿ, ಹಾಕ್ಸಿದ್ರ ಅದೂ ಬಾಳ ದಿನ ಬರಂಗಿಲ್ಲ. ಕಾರಿನ ಎಸಿ ಮುಚ್ಚಿದ ಸಿಸ್ಟಮ್, ವರ್ಷಕ್ಕೊಮ್ಮೆ ಗ್ಯಾಸ್ ಖಾಲಿ ಆಗ್ತೈತಿ ಅಂದ್ರ ಎಲ್ಲೋ ಲೀಕ್ ಐತಿ ಅಂತನ ಅರ್ಥ. ಆ ಲೀಕ್ ಹುಡುಕದ ಎರಡ ಸಲ ಗ್ಯಾಸ್ ತುಂಬ್ಯಾರಲ್ಲ, ನನಗ ಅಲ್ಲೇ ಅನುಮಾನ. ಕಂಪ್ರೆಸರಿಗೆ ಬೇರೆ ಎಣ್ಣಿ ಪಂಪ್ ಇರಂಗಿಲ್ರಿ, ಎಣ್ಣಿ ಗ್ಯಾಸಿನ ಜೋಡಿನ ತಿರಗಾಡ್ತೈತಿ. ಲೀಕ್ ಆದಲ್ಲಿ ಗ್ಯಾಸಿನ ಸಂಗಾಟ ಎಣ್ಣೀನೂ ಹೊರಗ ಹೋಗ್ತೈತಿ, ತುಂಬೋರು ಬರೇ ಗ್ಯಾಸ್ ತುಂಬ್ತಾರ, ಕಡೀಕ ಒಳಗ ಲೋಹಕ್ಕ ಲೋಹ ತಿಕ್ಕಿ ಜಾಮ್ ಆಗ್ತೈತಿ.

ಮೊದ್ಲ ಇಷ್ಟು ನೋಡ್ರಿ. ಎಂಜಿನ್ ಬಂದ್ ಮಾಡಿ ಕೀ ತಗದು ಕಂಪ್ರೆಸರ್ ಮುಂದಿನ ಪ್ಲೇಟ್ ಕೈಯಿಂದ ತಿರಗಿಸ್ರಿ. ಬೆಲ್ಟ್ ಕುಂತಿರೋ ಪುಲಿ ಅಲ್ಲ, ಅದರ ಮುಂದ ಇರೋ ಕ್ಲಚ್ ಪ್ಲೇಟ್, ಅದು ಒಳಗಿನ ಶಾಫ್ಟಿಗೆ ಕೂಡಿರ್ತೈತಿ. ಸ್ವಲ್ಪ ಬಿಗಿ ಹಿಡಿದು ಒಂದ ಸಮ ತಿರಗಿದ್ರ ಕಂಪ್ರೆಸರ್ ಜಾಮ್ ಆಗಿಲ್ಲ, ಅಲ್ಲಲ್ಲೆ ಕಚ್ಚಿ ಹಿಡಿದ್ರ ಅಥವಾ ಅಳ್ಳಾಡದ ಇದ್ರ ಒಳಗ ಹೋಗೇತಿ. ಎಸಿ ಆಫ್ ಇದ್ದಾಗೂ ಸದ್ದು ಬರ್ತಿದ್ರ ಪುಲಿ ಬೇರಿಂಗ್ ಅಂತಿದ್ದೆ, ನಿಮ್ಮದು ಎಸಿ ಹಾಕಿದಾಗ ಅಷ್ಟ ಅಂದ್ರಲ್ಲ, ಅದಕ್ಕ ಬೇರಿಂಗ್ ಬಿಟ್ಟು ಒಳಗ ನೋಡಬೇಕಾಗ್ತೈತಿ. ಕ್ಲಚ್ ಹಿಡಿಸೋ ಕರೆಂಟ್ ಕಾಯಿಲಿನ ಕನೆಕ್ಟರ್ ತಗದು ಮಲ್ಟಿಮೀಟರಿನಾಗ ಓಮ್ಸ್ ನೋಡ್ರಿ, ಸಾಮಾನ್ಯ 3ರಿಂದ 5 ಓಮ್ ಇರ್ತೈತಿ. ಕ್ಲಚ್ ಹಿಡದ ಮ್ಯಾಲ ಸದ್ದು ಬರಾಕತ್ತೈತಿ ಅಂದ್ರ ಕಾಯಿಲ್ ಸರಿ ಇರಬೇಕು, ಆದ್ರೂ ಎರಡ ನಿಮಿಷದ ಕೆಲಸ. ಆಮ್ಯಾಲ ಟಾರ್ಚ್ ಹಾಕಿ ಕ್ಲಚ್ ಹಿಂದ, ಪೈಪಿನ ಜಾಯಿಂಟಿಗೆ, ಕಂಡೆನ್ಸರ್ (ರೇಡಿಯೇಟರ್ ಮುಂದ ಇರೋ, ಗ್ಯಾಸ್ ಆರಿಸೋ ಜಾಲಿ) ಮೂಲಿಗೆ ಎಣ್ಣಿ ಜಿಡ್ಡು ಐತೇನು ನೋಡ್ರಿ. ಪೈಪ್ ಮಾತ್ರ ಬಿಚ್ಚಬ್ಯಾಡ್ರಿ, ಒಳಗ ಪ್ರೆಶರ್ ಇರ್ತೈತಿ, ಗ್ಯಾಸ್ ಕೈಗೆ ಕಣ್ಣಿಗೆ ಬಡದ್ರ ಚರ್ಮ ಹೆಪ್ಪುಗಟ್ಟಿ ಗಾಯ ಆಗ್ತೈತಿ.

ಬ್ಯಾಡಗಿ:
ನಡಕ ಬಾಯಿ ಹಾಕ್ತೀನ್ರಿ, ಕಂಡೆನ್ಸರ್ ಫ್ಯಾನ್ ತಿರಗ್ತೈತೇನು ಅದನ್ನೂ ನೋಡ್ರಿ. ನಮ್ಮ ಕಡೆ ಮೆಣಸಿನಕಾಯಿ ಸೀಜನ್ನಿನಾಗ ಮಾರ್ಕೆಟ್ ರಸ್ತಾದಾಗ ಓಡಾಡಿದ ಗಾಡಿ ಕಂಡೆನ್ಸರ್ ರೆಕ್ಕಿ ತುಂಬ ಧೂಳು ಕಸ ಕುಂತಿರ್ತೈತಿ, ಹೈ ಪ್ರೆಶರ್ ಏರಿ ಕ್ಲಚ್ ಜಾರಿ ಸುಟ್ಟ ವಾಸನಿ ಬರ್ತೈತಿ, ಕಂಪ್ರೆಸರ್ ಚೊಲೊ ಇದ್ರೂ. ಗ್ಯಾಸ್ ಜಾಸ್ತಿ ತುಂಬಿದ್ರೂ ಹಂಗ ಆಗ್ತೈತಿ.

ಗದಗದವ:
ನೋಡಿದೆ ರೀ. ಫ್ಯಾನ್ ಸರಿ ತಿರಗ್ತೈತಿ. ಕಾಯಿಲ್ 3.6 ಓಮ್. ಪ್ಲೇಟ್ ಮಾತ್ರ ಅರ್ಧ ಸುತ್ತು ಬಂದು ಕಚ್ಚಿ ನಿಲ್ತೈತಿ, ಜೋರ್ ಹಾಕಿದ್ರ ಕಿರ್ರ್ ಅಂತ ಮುಂದ ಹೋಗ್ತೈತಿ. ಕ್ಲಚ್ ಹಿಂದ ಕೆಳಗಿನ ಮಗ್ಗಲ ಎಣ್ಣಿ ಜಿಡ್ಡು ಐತಿ, ಅದರ ಮ್ಯಾಲ ಎರಿ ಮಣ್ಣಿನ ಧೂಳು ಕುಂತು ಗಟ್ಟಿ ಪದರ ಆಗೇತಿ, ಉಗರಿನಿಂದ ಕೆರದ್ರ ಒಳಗ ಹಸಿರು ಬಣ್ಣದ ಎಣ್ಣಿ. ಉಳಿದಲ್ಲಿ ಎಲ್ಲಾ ಒಣಗಿದಂಗ ಐತಿ.

ಹುಬ್ಬಳ್ಳಿ ಎಸಿ ಕೆಲಸ:
ಹಂಗಿದ್ರ ಕಂಪ್ರೆಸರ್ ಶಾಫ್ಟ್ ಸುತ್ತಿನ ಸೀಲ್ ಲೀಕ್ ರೀ. ಹಸಿರು ಅಂದ್ರ ಯಾರೋ ಹಿಂದ ಲೀಕ್ ಹುಡುಕಾಕ ಬಣ್ಣದ ಡೈ ಹಾಕಿರಬೇಕು, ಎಣ್ಣಿ ಮೊದಲಿಂದ ಹಸಿರು ಇದ್ದಿದ್ದೂ ಇರ್ತೈತಿ. ಈ ಕಂಪ್ರೆಸರ್ ಉಳಿಯಂಗಿಲ್ಲ. ಇನ್ನ ನಿಜವಾದ ಪ್ರಶ್ನೆ ಅದು ಒಡಿಯೂ ಮುಂದ ಸಿಸ್ಟಮ್ ತುಂಬ ಪುಡಿ ಉಗುಳೇತೋ ಇಲ್ಲೋ ಅನ್ನೋದು. ಮಶಿನ್ ಹಚ್ಚಿ ಗ್ಯಾಸ್ ವಾಪಸ್ ತಗದ ಮ್ಯಾಲನ ಬಿಚ್ಚಸ್ರಿ, ಗಾಳಿಗೆ ಬಿಡಾಕ ಬಿಡಬ್ಯಾಡ್ರಿ, ಈ ಎಸಿ ಗ್ಯಾಸ್ ಆರ್-134ಎ ಒಂದ ಕೆಜಿ ಅಂದ್ರ ಇಂಗಾಲದ ಡೈಆಕ್ಸೈಡ್ ಸಾವಿರ ಕೆಜಿಗಿಂತ ಹೆಚ್ಚ ಬಿಸಿ ಮಾಡ್ತೈತಿ. ಆಮ್ಯಾಲ ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗೋ ಪೈಪ್ ಬಿಚ್ಚಿ ಒಳಗ ಬಿಳಿ ಅರಬಿ ತಿರಗಿಸಿ ತಗೀರಿ. ನೀವ ಎದರಿಗೆ ನಿಂತು ನೋಡ್ರಿ.

ಅರಬಿ ಮ್ಯಾಲ ತಿಳಿ ಎಣ್ಣಿ ಅಷ್ಟ ಬಂದ್ರ ಪುಣ್ಯ, ಕಂಪ್ರೆಸರ್, ನೀರಿನ ಪಸೆ ಹೀರೋ ಡ್ರೈಯರ್, ಬಿಚ್ಚಿದ ಜಾಯಿಂಟಿನ ರಬ್ಬರ್ ಒ-ರಿಂಗ್ ಇಷ್ಟಕ್ಕ ಮುಗೀತೈತಿ. ಪಾತ್ರಿ ತಿಕ್ಕಿದ ಬೂದಿ ನೀರಿನಂಗ ಬಂದು ಬಿಸಲಿಗೆ ಹಿಡದ್ರ ಮಿಣಮಿಣ ಹೊಳದ್ರ ಅದು ಅಲ್ಯುಮಿನಿಯಂ ಪುಡಿ. ಆಗ ಕಂಡೆನ್ಸರೂ ಬದಲ್ ಮಾಡ್ಲೇಬೇಕು, ಈಗಿನ ಕಂಡೆನ್ಸರ್ ಟ್ಯೂಬ್ ಒಳಗ ಬಾಳ ಸಣ್ಣ ಸಣ್ಣ ದಾರಿ ಇರ್ತಾವು, ಎಷ್ಟ ಫ್ಲಶ್ ಹೊಡದ್ರೂ ಪುಡಿ ಪೂರಾ ಬರಂಗಿಲ್ಲ. ಗ್ಯಾಸ್ ಅಳದು ಒಳಗ ಬಿಡೋ ಎಕ್ಸ್‌ಪಾನ್ಷನ್ ವಾಲ್ವೂ ಹೊಸಾದು. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್, ಪೈಪ್ ಫ್ಲಶ್ ಮಾಡಿ ನೈಟ್ರೋಜನ್ ಹೊಡದು ಒಣಗಿಸ್ಬೇಕು, ಟೈರಿಗೆ ಹಾಕೋ ಗಾಳಿ ಬ್ಯಾಡ, ಅದರಾಗ ನೀರಿನ ಪಸೆ ಇರ್ತೈತಿ. ಖರ್ಚು ಜಾಸ್ತಿ ಅನ್ನಿಸ್ತೈತಿ ಖರೆ, ಆದ್ರ ಪುಡಿ ಉಳಿದ್ರ ಹೊಸ ಕಂಪ್ರೆಸರನ್ನೂ ತಿಂತೈತಿ, ಆಗ ಎರಡ ಸಲ ಖರ್ಚು, ಅದನ್ನ ನೋಡಿ ನೋಡಿ ನನಗ ಬಾಳ ಸಂಕಟ ಆಗೇತ್ರಿ.

ಗದಗದವ:
ಪೈಪ್ ಬಿಚ್ಚಿದಾಗ ಎದರಿಗೆ ನಿಂತಿದ್ದೆ. ಅರಬಿ ಬೂದಿ ಬಣ್ಣ ಬಂತು, ಹೊಳೀತಿತ್ತು. ಕಂಡೆನ್ಸರ್, ಡ್ರೈಯರ್, ವಾಲ್ವ್ ಎಲ್ಲಾ ಹೊಸಾದು ಹಾಕಾಕ ಹೇಳೇನಿ. ಎಣ್ಣಿ ಎಷ್ಟ ಹಾಕ್ಬೇಕು, ಆಮ್ಯಾಲ ಒಳಗಿನ ಗಾಳಿ ಎಳಿಯೋ ಪಂಪಿನ ವ್ಯಾಕ್ಯೂಮ್ ಮೀಟರ್ 28 ಇಂಚಿನ ಸುತ್ತ ನಿಂತೈತಿ, 29 ಬರಬೇಕು ಅಂತ ಓದಿದ್ದೆ, ಪಂಪ್ ಸರಿ ಇಲ್ಲೇನ್ರಿ?

ಹುಬ್ಬಳ್ಳಿ ಎಸಿ ಕೆಲಸ:
ಪಂಪ್ ಸರಿ ಐತಿ. 29 ಅನ್ನೋದು ಸಮುದ್ರ ಮಟ್ಟದ ಲೆಕ್ಕ, ಗದಗ ಹುಬ್ಬಳ್ಳಿ ಎರಡೂ 600 ಮೀಟರಿಗಿಂತ ಮ್ಯಾಲ ಅದಾವು, ಇಲ್ಲಿ ಗಾಳಿ ಒತ್ತಡನ ಕಮ್ಮಿ, 28ರ ಹತ್ರ ಬಂದ್ರ ಅದ ಪೂರಾ ವ್ಯಾಕ್ಯೂಮ್. 45 ನಿಮಿಷ ಓಡಿಸಿ ವಾಲ್ವ್ ಬಂದ್ ಮಾಡಿ 20 ನಿಮಿಷ ಬಿಡ್ರಿ, ಮುಳ್ಳು ಅಳ್ಳಾಡಬಾರದು. ಎಣ್ಣಿ ಮೊದ್ಲ ಹೊಸ ಕಂಪ್ರೆಸರಿನ ಪೆಟಿಗಿ ಮ್ಯಾಲ ಬರದದ್ದು ಓದ್ರಿ, ಕೆಲವು ಇಡೀ ಸಿಸ್ಟಮಿಗೆ ಆಗೋವಷ್ಟ ತುಂಬೇ ಬರ್ತಾವು, ಕೆಲವು ಖಾಲಿ. ನಿಮ್ಮದು ಎಲ್ಲಾ ಹೊಸಾದು, ಫ್ಲಶ್ ಆಗೇತಿ, ಅದಕ್ಕ ಪೂರಾ ಅಳತಿ ಬೇಕು. ಪಿಎಜಿ ಅನ್ನೋ ಕಂಪ್ರೆಸರ್ ಎಣ್ಣಿಯೊಳಗ 46 ಬ್ಯಾರೆ 100 ಬ್ಯಾರೆ, ಅದು ಎಣ್ಣಿ ಎಷ್ಟ ದಪ್ಪ ಅನ್ನೋ ನಂಬರ್, ಯಾವುದು ಬರದೇತೋ ಅದನ್ನ ಹಾಕ್ರಿ, ಡಬ್ಬಿ ಬಾಯಿ ತಗದ ಇಡಬ್ಯಾಡ್ರಿ, ಗಾಳಿಯಾಗಿನ ನೀರು ಎಳಕೊಳ್ತೈತಿ. ಗಾಡಿ ಚಾಲೂ ಮಾಡೂ ಮುಂಚೆ ಪ್ಲೇಟ್ ಕೈಯಿಂದ ಒಂದ ಹತ್ತ ಸುತ್ತ ತಿರಗಿಸ್ರಿ, ಒಳಗ ನಿಂತ ಎಣ್ಣಿ ಸರೀತೈತಿ. ಗ್ಯಾಸ್ ಬಾನೆಟ್ ಸ್ಟಿಕರ್ ಮ್ಯಾಲ ಎಷ್ಟ ಗ್ರಾಮ್ ಅಂತ ಐತೋ ಅಷ್ಟ, ತೂಕದ ಮಶಿನ್ ಮ್ಯಾಲ ಇಟ್ಟು ಹಾಕಸ್ರಿ, ಅಂದಾಜಿಗೆ ಬ್ಯಾಡ.

ಗದಗದವ:
ಆತ್ರಿ. ಸ್ಟಿಕರ್ ನೋಡಿ ತೂಕಕ್ಕ ಹಾಕಿದ್ರು. ಮಧ್ಯಾಹ್ನ ಬಿಸಲಾಗ ಗ್ಯಾಸ್ ಪ್ರೆಶರ್ ಲೋ ಸೈಡ್ 38, ಹೈ ಸೈಡ್ 235 ಪಿಎಸ್ಐ, ಸದ್ದು ಇಲ್ಲ, ಕ್ಲಚ್ ಸರಿ ಹಿಡದು ಬಿಡ್ತೈತಿ.

ಹುಬ್ಬಳ್ಳಿ ಎಸಿ ಕೆಲಸ:
ಈ ಬಿಸಲಿಗೆ ಆ ರೀಡಿಂಗ್ ಬಾಳ ಚೊಲೊ. ಸ್ವಲ್ಪ ದಿನ ಬಿಟ್ಟು ಕ್ಲಚ್ ಹಿಂದ, ಜಾಯಿಂಟಿಗೆ ಟಾರ್ಚ್ ಹಾಕಿ ಮತ್ತ ನೋಡ್ರಿ, ಹಸಿ ಕಂಡ್ರ ಫೋಟೊ ಹಾಕ್ರಿ ಇಲ್ಲೇ.