ಆಫ್‌ಲೈನ್ ಶೂಟಿಂಗ್ ಗೇಮ್: ಫ್ಯಾನ್ ಪೋರ್ಟ್ ಎಂದು ಕೊಡುವ ಎಪಿಕೆಗಳನ್ನು ನಂಬಬಹುದಾ?

ಘಟ್ಟದಹುಡುಗ:
ನಮ್ಮೂರಲ್ಲಿ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್, ಆನ್‌ಲೈನ್ ಗೇಮ್ ಆಗದ ಮಾತು. ಡೂಮ್, ನಿಂಟೆಂಡೊ 64 ಎಂಬ ಗೇಮ್ ಯಂತ್ರದ ಪರ್ಫೆಕ್ಟ್ ಡಾರ್ಕ್ ಥರದ ಹಳೇ ಗೇಮ್‌ಗಳನ್ನು ಅಭಿಮಾನಿಗಳೇ ಪೋರ್ಟ್ ಮಾಡುತ್ತಾರಂತೆ, ಅಂದರೆ ಬೇರೆ ಸಾಧನದಲ್ಲಿ ಓಡುವ ಹಾಗೆ ಮಾಡುತ್ತಾರಂತೆ. ಒಬ್ಬರು ಗ್ರೂಪಿನಲ್ಲಿ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಫೈಲ್) ಹಾಕಿದ್ದರು. ಓಪನ್ ಮಾಡಿದ ಕೂಡಲೇ ಎಸ್ಸೆಮ್ಮೆಸ್ ಪರ್ಮಿಷನ್ ಕೇಳುತ್ತಿದೆ. ಕೊಡಬಹುದಾ?

ನೀಲಿಕಂಟ್ರೋಲರ್:
ಬೇಡವೇ ಬೇಡ, ಈಗಲೇ ತೆಗೆದುಹಾಕಿ. ಗುಂಡು ಹಾರಿಸುವ ಆಟಕ್ಕೆ ಎಸ್ಸೆಮ್ಮೆಸ್ ಯಾಕೆ? ಬ್ಯಾಂಕಿನ ಓಟಿಪಿ ಬರುವುದು ಅಲ್ಲೇ ಅಲ್ವಾ.

ಹಳೇಆಟಗಾರ:
ಅಸಲಿ ಪೋರ್ಟ್ ಸಾಮಾನ್ಯವಾಗಿ ಗೇಮ್ ಫೈಲನ್ನು ನಿಮ್ಮ ಹತ್ತಿರವೇ ಕೇಳುತ್ತದೆ. ಐಡಿ ಸಾಫ್ಟ್‌ವೇರ್ 1993ರಲ್ಲಿ ಡೂಮ್ ಬಿಟ್ಟಿತು, 1997ರ ಕೊನೆಗೆ ಅದರ ಸೋರ್ಸ್ ಕೋಡನ್ನೂ (ಪ್ರೋಗ್ರಾಮಿನ ಮೂಲ ಬರಹ) ಎಲ್ಲರಿಗೂ ಕೊಟ್ಟಿತು. ಅವರದೇ ಇನ್ನೊಂದು ಶೂಟಿಂಗ್ ಗೇಮ್ ಕ್ವೇಕ್‌ನದ್ದು 1999ರಲ್ಲಿ ಬಂತು. ಜಿಝಡ್‌ಡೂಮ್‌ನಂಥ ಎಂಜಿನ್‌ಗಳು (ಆಟ ಓಡಿಸುವ ಪ್ರೋಗ್ರಾಮ್‌ಗಳು) ಹುಟ್ಟಿದ್ದೇ ಆ ಕೋಡಿನಿಂದ, ಅಲ್ಲಿಂದ ಆಂಡ್ರಾಯ್ಡ್‌ಗೂ ಬಂದವು. ಆದರೆ ಕಂಪನಿ ಕೊಟ್ಟಿದ್ದು ಕೋಡ್ ಮಾತ್ರ. ಲೆವೆಲ್, ಚಿತ್ರ, ಸದ್ದು ಎಲ್ಲಾ ಇರುವ ವ್ಯಾಡ್ ಫೈಲ್ ಈಗಲೂ ಅವರದೇ, ಅದನ್ನು ದುಡ್ಡು ಕೊಟ್ಟು ತಗೊಂಡು ಫೋನಿಗೆ ಕಾಪಿ ಮಾಡಬೇಕು.

ಪರ್ಫೆಕ್ಟ್ ಡಾರ್ಕ್ ಕಥೆ ಬೇರೆ. 2000ದ ಆ ಗೇಮಿನ ಕೋಡನ್ನು ಕಂಪನಿ ಬಿಡಲಿಲ್ಲ. ಅಭಿಮಾನಿಗಳೇ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ ಗೇಮ್ ಡಬ್ಬಿ) ಒಳಗಿನ ಪ್ರೋಗ್ರಾಮನ್ನು ಬಿಡಿಸಿ ಬಿಡಿಸಿ ಸಿ ಭಾಷೆಯಲ್ಲಿ ಮತ್ತೆ ಬರೆದರು, ಪಿಸಿ ಪೋರ್ಟ್ ಆಗಿದ್ದು ಅದರಿಂದಲೇ. ಅಲ್ಲೂ ಕಾರ್ಟ್ರಿಜ್‌ನ ಕಾಪಿ ನಾವೇ ಕೊಡಬೇಕು. ಸಂಬಳವಿಲ್ಲದೆ, ಪ್ರೀತಿಗೆ ಮಾಡಿದ ಕೆಲಸ ಅದು. ಅಂಥವರ ಹೆಸರು ಹೇಳಿಕೊಂಡು ವೈರಸ್ ಹಂಚುವವರನ್ನು ಕಂಡರೆ ನನಗೆ ಸಿಟ್ಟು ಉಕ್ಕುತ್ತದೆ.

ಘಟ್ಟದಹುಡುಗ:
ತೆಗೆದುಹಾಕಿದೆ, ಥ್ಯಾಂಕ್ಸ್ ಅಣ್ಣ. ದುಡ್ಡಿಲ್ಲದೆ ಆಡುವಂಥದ್ದು ಏನೂ ಇಲ್ವಾ?

ಹಳೇಆಟಗಾರ:
ಇದೆಯಲ್ಲ, ಫ್ರೀಡೂಮ್. ಡೂಮ್ ಎಂಜಿನ್‌ನಲ್ಲೇ ಓಡುತ್ತದೆ, ಆದರೆ ಲೆವೆಲ್, ರಾಕ್ಷಸರು, ಸಂಗೀತ ಎಲ್ಲಾ ಸ್ವಯಂಸೇವಕರು ಹೊಸದಾಗಿ ಮಾಡಿದ್ದು. ಎಫ್-ಡ್ರಾಯ್ಡ್ ಎಂಬ ಉಚಿತ ಆ್ಯಪ್ ಸ್ಟೋರ್‌ನಲ್ಲಿ ಸಿಗುತ್ತದೆ. ಪೇಟೆಗೆ ಹೋದಾಗ ಒಂದ್ಸಲ ಇಳಿಸಿಕೊಳ್ಳಿ, ಆಮೇಲೆ ನೆಟ್ ಬೇಡ. ಡೂಮ್‌ನ ಮೊದಲ ಭಾಗದ 9 ಲೆವೆಲ್‌ಗಳ ಶೇರ್‌ವೇರ್ (ರುಚಿ ನೋಡಲು ಕೊಡುವ) ಫೈಲ್ ಕೂಡ ಫ್ರೀ.

ನೀಲಿಕಂಟ್ರೋಲರ್:
ಟಚ್‌ನಲ್ಲಿ ಆಡುವುದಾದರೆ ಡೂಮ್‌ನಿಂದಲೇ ಶುರು ಮಾಡಿ. ಹಳೇ ಡೂಮ್‌ನಲ್ಲಿ ಮೇಲೆ ಕೆಳಗೆ ಗುರಿ ಹಿಡಿಯುವ ಕೆಲಸವಿಲ್ಲ, ಎಡ ಬಲ ತಿರುಗಿದರೆ ಸಾಕು. ಕ್ವೇಕ್‌ಗೆ ಮಾತ್ರ ಬ್ಲೂಟೂತ್ ಕಂಟ್ರೋಲರ್ ಇದ್ದರೆ ಒಳ್ಳೆಯದು, ಟಚ್‌ನಲ್ಲಿ ಬೆರಳಿಗೆ ಕಷ್ಟ ಜಾಸ್ತಿ.