ಅಪ್ಪಯ್ಯನ ಗಡ್ಡಕ್ಕೆ ಎಲೆಕ್ಟ್ರಿಕ್ ಶೇವರ್ ತರೋದಾ, ಬ್ಲೇಡೇ ಇರಲಾ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹೆಂಗಸಿಗೆ ಇದರಲ್ಲೇನು ಕೆಲಸ ಅಂತ ನಗಬೇಡಿ. ನಮ್ಮನೆಯಲ್ಲಿ ಗಡ್ಡದ ಖಾತೆ ಈಗ ನನ್ನದು.

ಅಪ್ಪಯ್ಯನಿಗೆ ಎಪ್ಪತ್ತೆಂಟು. ಹೃದಯದ ವಾಲ್ವ್ ಬದಲಾಯಿಸಿದಾಗಿನಿಂದ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನಡೀತಿದೆ. ಇತ್ತೀಚೆಗೆ ಕೈ ನಡುಕ ಬೇರೆ ಶುರುವಾಗಿದೆ. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಆದರೆ ದಿನ ಬಿಟ್ಟು ದಿನ ಗಡ್ಡ ಆಗಲೇಬೇಕು. ಜೀವಮಾನವೆಲ್ಲ ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದವರು. ಕುರುಚಲು ಗಡ್ಡ ಬಿಟ್ಟುಕೊಂಡು ಜಗಲಿಗೆ ಬರೋ ಆಸಾಮಿ ಅಲ್ಲ. ಮೊದಲು ಕಟಿಂಗ್ ಶಾಪಿನವರೊಬ್ಬರು ಮನೆಗೇ ಬರ್ತಿದ್ರು. ಅವರು ಅಂಗಡಿ ಮುಚ್ಚಿ ಮಗನ ಜೊತೆ ಶಿವಮೊಗ್ಗಕ್ಕೆ ಹೋದ್ರು. ಪೇಟೆಯಲ್ಲಿರೋ ಇನ್ನೊಂದು ಶಾಪು ಮಹಡಿ ಮೇಲಿದೆ, ಅಪ್ಪಯ್ಯನಿಗೆ ಆ ಮೆಟ್ಟಿಲು ಆಗಲ್ಲ.

ಹಾಗಾಗಿ ಅವರ ಹಳೇ ಸೆಟ್ಟಿನಲ್ಲೇ ನಾನು ತೆಗೀತಿದ್ದೇನೆ. ಹಿಡಿಯ ತುದಿ ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆಯುತ್ತಲ್ಲ, ಆ ತರದ ರೇಜರ್. ಟೋಪಾಜ್ ಬ್ಲೇಡು, ಬ್ರಷ್ಷು, ಅಲ್ಯೂಮಿನಿಯಂ ಬಟ್ಟಲು, ಒಂದು ತುಂಡು ಪಟಿಕ. ಕೆನ್ನೆ ಸಲೀಸು. ಕಷ್ಟ ಇರೋದು ದವಡೆ ಮೂಲೆಯಲ್ಲಿ ಮತ್ತು ಗಂಟಲ ಗೆಣ್ಣಿನ ಸುತ್ತ. ಚರ್ಮ ಜೋತು ಬಿದ್ದಿದೆ, ಬ್ಲೇಡು ಹೋದ ಕಡೆ ಅದೂ ಹೋಗುತ್ತೆ. ಹೋದ ವಾರ ದವಡೆ ಕೆಳಗೆ ಸಾಸಿವೆಯಷ್ಟು ಗಾಯ ಆಯ್ತು. ಪಟಿಕ ತಿಕ್ಕಿದರೂ ರಕ್ತ ಜಿನುಗುತ್ತಲೇ ಇತ್ತು, ಬನಿಯನ್ ಕತ್ತಿನವರೆಗೂ ಬಂತು. ಅವರು ಆರಾಮಾಗಿ ಪೇಪರ್ ಓದ್ತಾ ಕೂತಿದ್ದರು, ನಡುಕ ನನ್ನ ಕೈಗೆ ಬಂದಿತ್ತು.

ಬೆಂಗಳೂರಲ್ಲಿರೋ ತಮ್ಮ ಶೇವರ್ ಕಳಿಸ್ತೀನಿ ಅಂತಾನೆ. ಅಪ್ಪಯ್ಯ ಕೇಳಲ್ಲ. "ನೊರೆ ಇಲ್ಲದ್ದು ಎಂತ ಶೇವು? ಅದು ಕುರಿ ಉಣ್ಣೆ ತೆಗೆಯೋ ಮಿಷನ್ನು" ಅಂತ ಒಂದೇ ಮಾತು.

ನಿಜವಾಗಿ ಬಳಸಿದವರು ಹೇಳಿ. ಬ್ಲೇಡಿನಷ್ಟು ನುಣ್ಣಗೆ ಆಗುತ್ತಾ? ಜಾಲರಿ ಇರೋದು ಒಳ್ಳೇದಾ, ಮೂರು ಚಕ್ರದ್ದಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ, ಚಾರ್ಜ್ ನಿಲ್ಲುತ್ತಾ?

---

ಬ್ಯಾಟರಿ_ಬಸಣ್ಣ (ದಾವಣಗೆರೆ):

ಮೇಡಂ, ಮೊದಲು ಒಂದು ವಿಷಯ. ನಿಮ್ಮ ತಮ್ಮ ಕಳಿಸೋದು ಶೇವರ್ರೋ ಟ್ರಿಮ್ಮರ್ರೋ ಕೇಳಿ. ನನ್ನ ರಿಪೇರಿ ಅಂಗಡಿಗೆ ಬರೋರಲ್ಲಿ ಅರ್ಧ ಜನ ಟ್ರಿಮ್ಮರ್ ಹಿಡ್ಕೊಂಡು "ಇದು ಸರಿಯಾಗಿ ಶೇವ್ ಮಾಡಲ್ಲ" ಅಂತಾರೆ. ಅದು ಮಾಡಲ್ಲ, ಅದಕ್ಕೆ ಅಂತ ಮಾಡಿದ್ದೂ ಅಲ್ಲ. ಟ್ರಿಮ್ಮರ್‌ಗೆ ಬಾಚಣಿಗೆಯ ಹಾಗೆ ಹಲ್ಲು ಇರುತ್ತೆ, ಅರ್ಧ ಮಿಲಿಮೀಟರಿನಷ್ಟು ಕೂದಲು ಉಳಿಸುತ್ತೆ. ಶೇವರ್‌ಗೆ ಜಾಲರಿ ಇಲ್ಲವೇ ಚಕ್ರ ಇರುತ್ತೆ.

ಜಾಲರಿ ಅಂದ್ರೆ ಫಾಯಿಲ್. ತುಂಬಾ ತೆಳುವಾದ ಲೋಹದ ಹಾಳೆ, ಅದರ ತುಂಬ ತೂತು. ಕೂದಲು ತೂತಿನೊಳಗೆ ಬರುತ್ತೆ, ಹಿಂದೆ ಅತ್ತಿತ್ತ ಓಡೋ ಬ್ಲೇಡು ಕತ್ತರಿಸುತ್ತೆ. ಚರ್ಮಕ್ಕೆ ಬ್ಲೇಡು ತಾಗೋದೇ ಇಲ್ಲ, ಮಧ್ಯೆ ಆ ಹಾಳೆ ಇರುತ್ತೆ. ಅದಕ್ಕೇ ಗಾಯ ಕಮ್ಮಿ, ಅದಕ್ಕೇ ಬ್ಲೇಡಿನಷ್ಟು ನುಣುಪೂ ಬರಲ್ಲ. ಎರಡೂ ಬೇಕು ಅಂದ್ರೆ ಆಗಲ್ಲ.

ನಿಮ್ಮ ತಂದೆಯವರ ನೊರೆ ಜಗಳ ಹಳೇದು ಬಿಡಿ. ಜೇಕಬ್ ಶಿಕ್ ಅನ್ನೋ ಅಮೆರಿಕದ ಮಾಜಿ ಸೈನಿಕ 1931ರಲ್ಲಿ ಎಲೆಕ್ಟ್ರಿಕ್ ಶೇವರ್ ಮಾರೋಕೆ ಶುರು ಮಾಡಿದ್ದೇ ನೀರು, ಸೋಪು ಬೇಡ ಅನ್ನೋ ಲೆಕ್ಕದಲ್ಲಿ. ಚಕ್ರದ್ದು ಫಿಲಿಪ್ಸ್‌ನವರು 1939ರಲ್ಲಿ ತಂದರು. ಈಗಿನ ಎಷ್ಟೋ ಮಾಡೆಲ್ ಒದ್ದೆ ಮುಖಕ್ಕೂ ನಡೆಯುತ್ತೆ. ಡಬ್ಬದ ಮೇಲೆ ವೆಟ್ ಅಂಡ್ ಡ್ರೈ ಅಂತ ಇರಬೇಕು. ಅಂಥದ್ದು ತಂದರೆ ಬ್ರಷ್ಷು, ಬಟ್ಟಲು ಎಲ್ಲ ಹಾಗೇ ಇರಲಿ, ನೊರೆ ಮೇಲೆಯೇ ಆಡಿಸಿ.

ಬೇರೆಯವರ ಮುಖಕ್ಕೆ ನೀವು ಮಾಡೋದಾದ್ರೆ ನನ್ನ ಓಟು ಜಾಲರಿಗೆ. ನೇರ ಎಳೆದರೆ ಸಾಕು, ಎಲ್ಲಿ ಆಗಿದೆ ಎಲ್ಲಿ ಆಗಿಲ್ಲ ಅಂತ ಕಣ್ಣಿಗೆ ಕಾಣುತ್ತೆ. ಚಕ್ರದ್ದನ್ನ ಸುತ್ತಿಸಿ ಸುತ್ತಿಸಿ ಮಾಡಬೇಕು. ಸ್ವಂತ ಮುಖಕ್ಕೆ ಅದೂ ಚೆನ್ನಾಗೇ ಇರುತ್ತೆ.

ಕರೆಂಟಿನ ಚಿಂತೆ ಬೇಡ. ಲಿಥಿಯಂ ಬ್ಯಾಟರಿ ಇದ್ದರೆ ಒಂದು ಚಾರ್ಜಿಗೆ ಎಷ್ಟೋ ಸಲ ಆಗುತ್ತೆ. ಚಿಂತೆ ಮಾಡಬೇಕಾದ್ದು ಫಾಯಿಲ್ ಬಗ್ಗೆ. ಒಂದೂವರೆ ಎರಡು ವರ್ಷಕ್ಕೆ ಅದನ್ನ ಬದಲಾಯಿಸಬೇಕು. ಶೇವರ್ ಕೊಳ್ಳೋ ಮುಂಚೆ ಅದೇ ಮಾಡೆಲ್ಲಿನ ಫಾಯಿಲ್ ಬಿಡಿಯಾಗಿ ಸಿಗುತ್ತಾ, ಎಷ್ಟಕ್ಕೆ ಸಿಗುತ್ತೆ ನೋಡಿ. ಸಿಗದಿದ್ದರೆ ಎಷ್ಟು ಆಫರ್ ಇದ್ದರೂ ಬೇಡ.

---

ಹುಬ್ಬಳ್ಳಿ_ಕಟಿಂಗ್:

ಅಕ್ಕಾರೆ, ನಾನು ಕಟಿಂಗ್ ಶಾಪ್ ಇಟ್ಟವನು. ಇವತ್ತು ಮಂಗಳವಾರ, ಶಾಪ್ ರಜೆ. ಅದಕ್ಕೆ ಇಷ್ಟುದ್ದ ಬರೀತಿದ್ದೇನೆ.

ಶೇವರ್ ಬೇಡ ಅನ್ನಲ್ಲ. ಆದ್ರೆ ಬರೋ ತನಕ ಬ್ಲೇಡೇ ಗತಿ ಅಲ್ವಾ? ಅದಕ್ಕೆ ಕೇಳಿ. ವಯಸ್ಸಾದವರ ಮುಖಕ್ಕೆ ಕೈ ಬೇರೆ ತರ ಹೋಗಬೇಕು. ಹಲ್ಲಿನ ಸೆಟ್ ಇದ್ದರೆ ತೆಗೆಸಬೇಡಿ, ಹಾಕಿಸಿಯೇ ಮಾಡಿ. ಸೆಟ್ ಇಲ್ಲದಿದ್ದರೆ ಕೆನ್ನೆ ಒಳಗೆ ಹೋಗಿಬಿಡುತ್ತೆ, ಬ್ಲೇಡಿಗೆ ಆಧಾರ ಸಿಗಲ್ಲ. ಕೆನ್ನೆ ಉಬ್ಬಿಸಿ ಅನ್ನಿ, ಆಗದಿದ್ರೆ ನಾಲಿಗೆಯಿಂದ ಒಳಗಿಂದ ತಳ್ಳಲಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಎರಡು ಮೂರು ನಿಮಿಷ ಮುಖದ ಮೇಲಿಡಿ. ಕೂದಲು ನೀರು ಕುಡಿದು ಮೆತ್ತಗಾಗುತ್ತೆ. ಆಮೇಲೆ ನೊರೆ.

ದವಡೆ ಮೂಲೆಗೆ ಬಂದಾಗ ಚರ್ಮವನ್ನ ಕಿವಿ ಕಡೆಗೆ ಮೇಲಕ್ಕೆ ಎಳೆದು ಹಿಡೀರಿ. ಆಗ ಕತ್ತಿನಲ್ಲಿದ್ದ ಸುಕ್ಕು ದವಡೆ ಎಲುಬಿನ ಮೇಲೆ ಬರುತ್ತೆ, ಅಲ್ಲೇ ತೆಗೀರಿ. ಜೋತಾಡೋ ಜಾಗದಲ್ಲಿ ಬ್ಲೇಡು ಇಡಲೇಬೇಡಿ. ಗಂಟಲ ಗೆಣ್ಣಿನ ಹತ್ತಿರ ಒಂದು ಗುಟುಕು ನುಂಗಿ ಅನ್ನಿ. ಗೆಣ್ಣು ಮೇಲೆ ಹೋದಾಗ ಚರ್ಮವನ್ನ ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿ ಮಾಡಿ. ಕತ್ತಿನ ಕೂದಲು ಎಲ್ಲರಿಗೂ ಕೆಳಮುಖ ಇರಲ್ಲ, ಕೆಲವರಿಗೆ ಅಡ್ಡ ಬೆಳೆದಿರುತ್ತೆ. ಒಣಗಿದ್ದಾಗ ಅಂಗೈ ಸವರಿ ನೋಡಿ, ಯಾವ ಕಡೆಗೆ ನುಣ್ಣಗಿದೆಯೋ ಆ ಕಡೆಗೇ ಎಳೀರಿ. ಉಲ್ಟಾ ಎಳೆಯೋದು ಮದುವೆ ಗಂಡಿಗೆ, ನಿಮ್ಮ ತಂದೆಯವರಿಗೆ ಬೇಡ.

ಮತ್ತೆ ಬ್ಲೇಡು. ಎಷ್ಟು ಸಲ ಬಳಸ್ತೀರೋ ಗೊತ್ತಿಲ್ಲ. ಎರಡು ಸಲ ಆದ್ರೆ ಎಸೆದುಬಿಡಿ, ಮೂರು ನಾಲ್ಕು ರೂಪಾಯಿ ಮುಖ ನೋಡಬೇಡಿ. ಮೊಂಡು ಬ್ಲೇಡೇ ಒತ್ತಿಸೋದು, ಒತ್ತಿದಾಗಲೇ ಗಾಯ. ಎಸೆಯೋವಾಗ ಸುಮ್ನೆ ಕಸಕ್ಕೆ ಹಾಕಬೇಡಿ, ಹಳೇ ಪೌಡರ್ ಡಬ್ಬಿಗೆ ಸೀಳು ಮಾಡಿ ಅದರಲ್ಲಿ ತುಂಬಿಡಿ. ಕಸ ಎತ್ತೋರ ಕೈ ಕುಯ್ಯುತ್ತೆ.

ಇಷ್ಟೆಲ್ಲ ಹೇಳಿ ಕೊನೆಗೆ ನಾನೇ ಹೇಳ್ತೀನಿ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋ ಗಿರಾಕಿಗಳು ನನ್ನ ಹತ್ತಿರ ಬಂದ್ರೆ ಕೆನ್ನೆಗಷ್ಟೇ ಬ್ಲೇಡು. ಕತ್ತಿಗೆ ಝೀರೋ ಮಿಷನ್, ಅಂದ್ರೆ ಕೂದಲನ್ನ ತೀರಾ ಗಿಡ್ಡ ಮಾಡೋ ಕಟಿಂಗ್ ಮಿಷನ್, ಹಾಕಿ ಬಿಡ್ತೀನಿ.

---

ಅಪ್ಪಟ_ಬ್ಲೇಡು:

ಬ್ಲೇಡಿಗೆ ಸಮ ಯಾವುದೂ ಇಲ್ಲ. ಹತ್ತು ಸಾವಿರ ಕೊಟ್ಟು ಶೇವರ್ ತಗೊಂಡೆ, ಸಂಜೆಗೆ ಮತ್ತೆ ಚುಚ್ಚುತ್ತೆ. ಈಗ ಅದು ಬೀರುವಿನಲ್ಲಿದೆ.

---

ಬ್ಯಾಟರಿ_ಬಸಣ್ಣ:

ಅಪ್ಪಟ ಸರ್, ನಿಮಗೆ ವಾರ್ಫರಿನ್ ಇಲ್ಲ, ಕೈ ನಡುಕ ಇಲ್ಲ. ಪ್ರಶ್ನೆ ಯಾರದ್ದು ನೋಡಿ. ಬೀರುವಿನಲ್ಲಿರೋದನ್ನ ಮಾರೋದಾದ್ರೆ ಹೇಳಿ.

ಹುಬ್ಬಳ್ಳಿ ಅಣ್ಣ ಬ್ಲೇಡಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು. ಉಕ್ಕು ಕೂದಲಿಗಿಂತ 50 ಪಟ್ಟು ಗಟ್ಟಿ, ಆದ್ರೂ ಮೊಂಡಾಗುತ್ತೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಇದನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದ್ರು. ಅಂಚು ನಿಧಾನಕ್ಕೆ ಸವೆಯೋದಷ್ಟೇ ಅಲ್ಲ, ಕೂದಲು ಓರೆಯಾಗಿ ಬಾಗಿ ಸಿಕ್ಕಾಗ ಅಂಚಿನಿಂದ ಸಣ್ಣ ಚಕ್ಕೆ ಎದ್ದು ಹೋಗುತ್ತಂತೆ.

---

ಸಿಸ್ಟರ್_ಮಂಗಳೂರು:

ತುಂಗಾತೀರ ಅವರೇ, ನಾನು ಹೃದಯದ ವಾರ್ಡಿನಲ್ಲಿ ನರ್ಸ್. ವಾರ್ಫರಿನ್ ಬರೆದುಕೊಟ್ಟು ಮನೆಗೆ ಕಳಿಸುವಾಗ ನಾವು ಹೇಳುವ ಮಾತುಗಳಲ್ಲಿ ಇದೂ ಒಂದು: ಮೆತ್ತಗಿನ ಟೂತ್‌ಬ್ರಷ್, ಎಲೆಕ್ಟ್ರಿಕ್ ಶೇವರ್. ಆಪರೇಷನ್ನಿಗೆ ಮುಂಚೆ ಮೈಕೂದಲು ತೆಗೆಯಲೂ ಈಗ ಬ್ಲೇಡು ಬೇಡ ಅಂತಲೇ ಇದೆ, ತೆಗೆಯಲೇಬೇಕಾದರೆ ಕ್ಲಿಪ್ಪರ್ (ಕೂದಲು ಕತ್ತರಿಸುವ ಮಿಷನ್). ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿದ್ದೂ ಇದನ್ನೇ. ಬ್ಲೇಡು ಮಾಡುವ ಗೀರು ಕಣ್ಣಿಗೆ ಕಾಣದಿದ್ದರೂ ಸೋಂಕಿಗೆ ಅಷ್ಟು ಸಾಕು.

ರಕ್ತ ಬಂದರೆ ಪಟಿಕ ತಿಕ್ಕುತ್ತಾ ಕೂರಬೇಡಿ. ಶುಭ್ರ ಬಟ್ಟೆ ಮಡಚಿ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು "ನಿಂತಿತಾ" ಅಂತ ನೋಡಬಾರದು. ಎಲ್ಲರೂ ನೋಡ್ತಾರೆ, ಅದಕ್ಕೇ ನಿಲ್ಲೋದಿಲ್ಲ. ಹತ್ತು ನಿಮಿಷದ ಮೇಲೂ ಜಿನುಗುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಐಎನ್‌ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ) ಮಾಡಿಸಿ ತುಂಬಾ ದಿನ ಆಗಿದ್ದರೆ ಅದನ್ನೂ ಮಾಡಿಸಿ. ಗಡ್ಡದ ಗಾಯಕ್ಕೆ ಹೆದರಿ ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ. ವಾಲ್ವ್ ಇದ್ದವರಿಗೆ ಅದು ಬಹಳ ಅಪಾಯ.

ಶೇವರ್ ಬಂದ ಮೇಲೆ ಎರಡು ವಿಷಯ. ಪ್ರತಿ ಸಲ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗೆ ಬಿದ್ದು ತಗ್ಗಾಗಿದ್ದರೆ, ಎಲ್ಲಾದರೂ ಹರಿದಿದ್ದರೆ ಬಳಸಬೇಡಿ. ಆ ಹರಕು ಬ್ಲೇಡಿಗಿಂತ ಕೆಟ್ಟದಾಗಿ ಕುಯ್ಯುತ್ತದೆ. ಇನ್ನೊಂದು ನಿಮಗೆ ಈಗ ಬೇಕಾಗಲಿಕ್ಕಿಲ್ಲ, ಓದುವ ಬೇರೆಯವರಿಗಾಗಿ ಹೇಳ್ತೇನೆ. ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡವರಿಗೆ ಅದು ನಡೆಯುತ್ತಿರುವಾಗ ಎಲೆಕ್ಟ್ರಿಕ್ ಶೇವರ್ ಮುಖದ ಹತ್ತಿರ ತರಬಾರದು. ಒಂದು ಕಿಡಿ ಸಾಕು.

---

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮ ಕಳಿಸೋಕೆ ಹೊರಟಿದ್ದು ಟ್ರಿಮ್ಮರ್ರೇ! ಬಸಣ್ಣ ಹೇಳಿದ ಮೇಲೆ ಕೇಳಿದೆ, "ಎರಡೂ ಒಂದೇ ಅಲ್ವಾ ಅಕ್ಕಾ" ಅಂದ. ಅದನ್ನ ಅವನ ಗಡ್ಡಕ್ಕೇ ಇಟ್ಕೋ ಅಂದೆ. ಆಮೇಲೆ ಜಾಲರಿಯದ್ದು, ಒದ್ದೆಗೂ ಆಗುವಂಥದ್ದು ಬಂತು. ಫಾಯಿಲ್ ಬಿಡಿಯಾಗಿ ಸಿಗುತ್ತೆ ಅಂತ ನೋಡಿಯೇ ತರಿಸಿದ್ದು.

ಅಪ್ಪಯ್ಯ ಮೊದಲ ದಿನ ಶೇವರ್ ಕಡೆ ನೋಡಲೇ ಇಲ್ಲ. ನಾನು ಏನೂ ಹೇಳದೆ ಬಿಸಿನೀರು, ಬಟ್ಟಲು, ಬ್ರಷ್ಷು ತಂದಿಟ್ಟೆ. ನೊರೆ ಅವರೇ ಹಾಕಿಕೊಂಡರು. ಕೈ ನಡುಗಿದರೂ ಬ್ರಷ್ಷು ತಿರುಗಿಸೋಕೆ ತೊಂದರೆ ಇಲ್ಲ, ಕಿವಿಗೂ ಸ್ವಲ್ಪ ಹೋಯ್ತು ಅಷ್ಟೆ. ಮಿಷನ್ ಆನ್ ಮಾಡಿದಾಗ ಕಣ್ಣು ಮುಚ್ಚಿಕೊಂಡರು. ಒಂದು ಹನಿ ರಕ್ತ ಇಲ್ಲ. ಕತ್ತಿನಲ್ಲಿ ಮಲಗಿರೋ ಉದ್ದ ಕೂದಲು ಮಾತ್ರ ಜಾಲರಿಗೆ ಸಿಗಲೇ ಇಲ್ಲ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಚರ್ಮ ಕಿವಿ ಕಡೆಗೆ ಎಳೆದು ಹಿಡಿದ ಮೇಲೆ ಅರ್ಧ ಹೋಯ್ತು.

ಮುಗಿದ ಮೇಲೆ ಅವರು ಉಲ್ಟಾ ಕೈಯಲ್ಲಿ ಕೆಳಗಿಂದ ಮೇಲಕ್ಕೆ ಸವರಿ ಸವರಿ ನೋಡಿದರು. ಕಿವಿ ಕೆಳಗೆ ಬೆರಳು ನಿಂತಿತು. "ಇಲ್ಲೆರಡು ಕಾಗದ ಬಟವಾಡೆ ಆಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಪಾಸ್ ಮಾರ್ಕು.

ಈಗ ಒಪ್ಪಂದ ಹೀಗಿದೆ. ದಿನ ಬಿಟ್ಟು ದಿನ ಶೇವರ್. ಹಬ್ಬ, ಮದುವೆ ಮನೆ ಅಂದ್ರೆ ಕೆನ್ನೆಗೆ ಮಾತ್ರ ಹೊಸ ಬ್ಲೇಡು, ಕತ್ತಿಗೆ ಇಲ್ಲ. ಅದಕ್ಕವರು ಪೂರ್ತಿ ಒಪ್ಪಿಲ್ಲ, ನಾನೂ ಬಿಟ್ಟಿಲ್ಲ.

ಬಸಣ್ಣ, ಇನ್ನೊಂದು ಕೇಳಬೇಕು. ನೊರೆ ಹಾಕಿ ಮಾಡೋದ್ರಿಂದ ಒಳಗೆಲ್ಲ ಸೋಪು, ಕೂದಲು ಕೆಸರಿನ ಹಾಗೆ ಕೂತಿರುತ್ತೆ. ಬ್ರಷ್ಷಿನಲ್ಲಿ ತಿಕ್ಕಲಾ? ಮತ್ತೆ ಈಗೀಗ ಕಿರ್ರ್ ಅಂತ ಸದ್ದು ಜಾಸ್ತಿ ಆಗಿದೆ, ಸ್ವಲ್ಪ ಬಿಸಿಯೂ ಆಗುತ್ತೆ.

---

ಬ್ಯಾಟರಿ_ಬಸಣ್ಣ:

ಜಾಲರಿಗೆ ಬ್ರಷ್ಷು ಮುಟ್ಟಿಸಬೇಡಿ, ಹರಿಯುತ್ತೆ. ಮೊದಲು ಆನ್ ಮಾಡಿ ಬೆಚ್ಚಗಿನ ನೀರಿನ ಕೆಳಗೆ ಅರ್ಧ ನಿಮಿಷ ಹಿಡೀರಿ, ಕೈ ತೊಳೆಯೋ ಸೋಪು ಒಂದು ಹನಿ ಬಿಟ್ಟರೆ ಒಳಗಿನದ್ದೆಲ್ಲ ಬರುತ್ತೆ. ಆಮೇಲೆ ಆಫ್ ಮಾಡಿ, ತಲೆ ಬಿಚ್ಚಿ ಒಣಗೋಕಿಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಮುಚ್ಚಿ ಪೌಚಿನಲ್ಲಿ ಹಾಕಿಟ್ಟರೆ ವಾಸನೆ ಬರುತ್ತೆ.

ಸದ್ದು, ಬಿಸಿ ಎರಡಕ್ಕೂ ಕಾರಣ ಸೋಪು. ನಿಮ್ಮ ನೊರೆ ಅಲ್ಲಿದ್ದ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತೆ. ವಾರಕ್ಕೊಮ್ಮೆ ಜಾಲರಿ ಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದೇ ತೊಟ್ಟು ಹಾಕಿ, ಹತ್ತು ಸೆಕೆಂಡು ಓಡಿಸಿ, ಬಟ್ಟೆಯಲ್ಲಿ ಒರೆಸಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಚಳಿಗಾಲದಲ್ಲಿ ಒಳಗೇ ಗಟ್ಟಿಯಾಗುತ್ತೆ, ಆಮೇಲೆ ನನ್ನ ಅಂಗಡಿಗೇ ಕಳಿಸಬೇಕಾಗುತ್ತೆ.